ಮಸ್ಕಿಯ ಶೋಧನೆಗಳೂ ಅವುಗಳ ನಿರೂಪಣೆಯೂ

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಅನುಬಂಧಚತುಷ್ಟಯವನ್ನು ಮೊದಲು ನಿರೂಪಿಸಬೇಕೆಂಬುದು ಪ್ರಾಚೀನರ ಸಂಪ್ರದಾಯ. ವಿಷಯವೇನು, ಪ್ರಯೋಜನವೇನು, ಇವುಗಳಿಗೂ ಗ್ರಂಥಕ್ಕೂ ಇರುವ ಸಂಬಂಧವೆಂತಹುದು, ಗ್ರಂಥವನ್ನು ಓದತಕ್ಕ ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳದೆ ಶಾಸ್ತ್ರಕಾರನು ಮುಂದಕ್ಕೆ ಹೆಜ್ಜೆಯಿಡುವುದಿಲ್ಲ. ಪುರಾತತ್ತ್ವ ಶೋಧಕರ ವರದಿಗಳನ್ನು ಈ ನಿಕಷಕ್ಕೆ ಒಡ್ಡಿದರೆ ಮೊದಲ ಮೂರು ಅಂಶಗಳು ಬಹುಮಟ್ಟಿಗೆ ಸ್ಪಷ್ಟವಾಗಿರುತ್ತವೆ. ಅಧಿಕಾರಿಯ ವಿಚಾರದಲ್ಲಿ ಮಾತ್ರ ಮೌನವೇ ಹೆಚ್ಚು. ನೆಲವನ್ನು ಅಗೆದು ತೆಗೆದುದು ಯಾರಿಗೆ ತಿಳಿಯಬೇಕು, ಸಹೋದ್ಯೋಗಿಗಳಾದ ನಾಲ್ಕಾರು ಮಂದಿ ಶೋಧಕರಿಗೋ, ಪಾಠಶಾಲೆಯ ಉಪಾಧ್ಯಾಯನಿಗೋ, ಅಗೆದ ಹೊಲದ ಒಡೆಯನಿಗೋ ಎಂಬುದನ್ನು ಹೆಚ್ಚಿನ ವರದಿಗಳು ಆಲೋಚಿಸಿದಂತೆ ತೋರುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ಇರುವ ಮಸ್ಕಿಯು ಈ ವಿಚಾರವನ್ನು ಪರಿಶೀಲಿಸುವುದಕ್ಕೆ ತಕ್ಕ ಸ್ಥಳ. ಅಲ್ಲಿ ಒಂದೂವರೆ ಶತಮಾನದಿಂದ ಬಿಟ್ಟುಬಿಟ್ಟು ಶೋಧನೆ ನಡೆದುಬಂದಿದೆ. ಮೇಲಾಗಿ ಅಲ್ಲಿಯ ಶಿಲೆಯೇ ಅಧಿಕಾರಿಯ ಪ್ರಶ್ನೆಗೆ ಉತ್ತರವನ್ನು ಹೇಳುತ್ತಿದೆ.

ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು ೧೮೭೦ರಲ್ಲಿಯೂ ೧೮೮೮ರಲ್ಲಿಯೂ ಮಸ್ಕಿಯ ಪ್ರಾಚೀನ ನೆಲೆಯನ್ನು ಗಮನಿಸಿದ್ದರು. ಆದರೆ ಊರಿಗೆ ಕೀರ್ತಿ ಬಂದುದು ೧೯೧೫ರಲ್ಲಿ. ಆ ವರ್ಷ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ದುರ್ಗದ ಗುಡ್ಡದ ಬಂಡೆಯ ಮೇಲಿದ್ದ ಬ್ರಾಹ್ಮೀ ಲೇಖವನ್ನು ಬೆಳಕಿಗೆ ತಂದರು. ಆಗ ಮಸ್ಕಿಯು ನಿಜಾಮ ಸಂಸ್ಥಾನದ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಸಂಸ್ಥಾನದ ಪುರಾತತ್ತ್ವ ಇಲಾಖೆ ಹುಟ್ಟಿ ಒಂದು ವರ್ಷವಾಗಿತ್ತಷ್ಟೆ. ಎಚ್. ಕೃಷ್ಣಶಾಸ್ತ್ರಿಗಳು ಲೇಖವನ್ನು ಓದಿ, ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಸಂಚಿಕೆಯಾಗಿ ಅದೇ ವರ್ಷ ಪ್ರಕಟಿಸಿದರು. ಹುಲ್ಟ್ಸ್ ಅವರು ೧೯೨೫ರಲ್ಲಿ ಹೊರತಂದ ಅಶೋಕಶಾಸನ ಸಂಪುಟದಲ್ಲಿ ಅದಕ್ಕೆ ಮತ್ತೊಮ್ಮೆ ಪರಿಷ್ಕಾರವಾಯಿತು.

ಲೇಖವು ಎಂಟು ಸಾಲಿನದು. ಅಲ್ಲಲ್ಲಿ ಕಲ್ಲು ಚಕ್ಕೆಯೆದ್ದು ಅಕ್ಷರಗಳು ನಷ್ಟವಾಗಿವೆ. ಅದರ ಮೊದಲಲ್ಲಿ ‘ದೇವಾನಂಪಿಯಸ ಅಸೋಕಸ’ ಎಂಬ ಎರಡು ಪದಗಳು ಜೊತೆಯಾಗಿ ನಿಂತಿರುವುದೇ ಲೋಕಪ್ರಸಿದ್ಧಿಗೆ ಕಾರಣ. ಇದರ ಬೆಲೆ ತಿಳಿಯಬೇಕಾದರೆ ಹಿಂದಿನ ಕಥೆಯನ್ನು ಅರಿತಿರಬೇಕು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮೀ ಲಿಪಿಯನ್ನು ಓದಿದಾಗ ‘ದೇವಾನಂಪಿಯ ಪಿಯದಸಿ’ ಎಂಬ ರಾಜನು ಯಾರೆಂಬುದು ಅವರಿಗೆ ತಿಳಿಯಲಿಲ್ಲ. ಸಿಂಹಳದ ದೇವಾನಂಪಿಯ ತಿಸ್ಸನೇ ಇವನಿರಬೇಕೆಂದು ಮೊದಲು ಊಹಿಸಿದರು. ಸಿಂಹಳದಲ್ಲಿದ್ದ ಟರ್ನರ್ ಅವರು ಅಲ್ಲಿಯ ಪಾಲಿ ವಂಶಕಥೆಗಳನ್ನು ತೋರಿಸಿ, ಪಿಯದಸ್ಸಿಯೆಂಬುದು ಮೌರ್ಯ ಅಶೋಕನಿಗೇ ಇದ್ದ ಹೆಸರೆಂದು ಸ್ಥಾಪಿಸಿದರು. ಮುಂದೆ ಎಪ್ಪತ್ತೆಂಟು ವರ್ಷ ವಿದ್ವಲ್ಲೋಕವು ಗ್ರಂಥಪ್ರಮಾಣದ ಬಲದಿಂದಲೇ ಈ ಐಕ್ಯವನ್ನು ಒಪ್ಪಿಕೊಂಡಿತ್ತು. ಮಸ್ಕಿಯ ಬಂಡೆಯು ಅದಕ್ಕೆ ಶಿಲಾಪ್ರಮಾಣವನ್ನು ಒದಗಿಸಿತು. ಅನುಮಾನದಿಂದ ಸಿದ್ಧವಾಗಿದ್ದುದು ಪ್ರತ್ಯಕ್ಷದಿಂದ ದೃಢವಾಯಿತೆಂದು ನೈಯಾಯಿಕರ ಭಾಷೆಯಲ್ಲಿ ಹೇಳಬಹುದು.

ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗೂ ಈ ಶಿಲೆಯೊಡನೆ ಒಂದು ನಂಟುಂಟು. ಅಲುಕ್ ಸಮಾಸದ ಪ್ರಕರಣದಲ್ಲಿ ‘ದೇವಾನಾಂಪ್ರಿಯ’ ಶಬ್ದವನ್ನು ಮೂರ್ಖನೆಂಬ ಅರ್ಥದಲ್ಲಿ ಅವನು ಕಂಠಪಾಠ ಮಾಡುತ್ತಾನೆ. ಭಟ್ಟೋಜಿ ದೀಕ್ಷಿತರ ಕೌಮುದಿಯಲ್ಲಿ ಆ ಅರ್ಥವೇ ಇದೆ. ಒಂದು ಕಾಲದಲ್ಲಿ ಸಾಮ್ರಾಟನು ತಾನೇ ಹೆಮ್ಮೆಯಿಂದ ಧರಿಸಿದ್ದ ಬಿರುದು ಇದೆಂದು ವ್ಯಾಕರಣದ ಪಾಠದಲ್ಲಿ ಹೇಳುವವರು ವಿರಳ. ಶಬ್ದವೊಂದು ಸಿಂಹಾಸನದಿಂದ ಬೈಗುಳಕ್ಕೆ ಇಳಿದ ಬಗೆಯನ್ನು ತೋರಿಸುವುದಕ್ಕೆ ಮಸ್ಕಿಯ ಬಂಡೆಗಿಂತ ಒಳ್ಳೆಯ ಉದಾಹರಣೆ ದೊರೆಯದು. ಇಂತಹ ನಂಟನ್ನು ಕಾಣಿಸುವ ಕೆಲಸ ಪುರಾತತ್ತ್ವಜ್ಞನದೋ ವೈಯಾಕರಣನದೋ ಎಂಬ ಚರ್ಚೆಯಲ್ಲಿಯೇ ವಿದ್ಯಾರ್ಥಿಗೆ ಅದು ತಪ್ಪಿಹೋಗುತ್ತಿದೆ.

ಕೃಷ್ಣಶಾಸ್ತ್ರಿಗಳ ಪ್ರಕಟನೆಯು ಆ ಕಾಲದ ಉತ್ತಮ ಮಾದರಿ. ಲೇಖದ ಪ್ರತಿಕೃತಿಯನ್ನೂ ಪಾಠವನ್ನೂ ಅನುವಾದವನ್ನೂ ಒಂದೆಡೆ ಇಟ್ಟಿರುವುದರಿಂದ, ಲಿಪಿಯನ್ನು ಬಲ್ಲ ವಾಚಕನು ಸಂಪಾದಕರ ಮಾತನ್ನು ನಂಬಬೇಕಾದ ನಿರ್ಬಂಧವಿಲ್ಲ, ತಾನೇ ಪರೀಕ್ಷಿಸಬಹುದು. ಶೋಧನೆಯನ್ನು ಹಂಚಿಕೊಳ್ಳುವುದೆಂದರೆ ಮುಖ್ಯವಾಗಿ ಇದೇ. ಆದರೆ ಆ ಪರೀಕ್ಷೆಗೆ ಬರತಕ್ಕವರು ಎಷ್ಟು ಮಂದಿ? ಶಿಲೆಯ ಭಾಷೆ ಪ್ರಾಕೃತ, ವ್ಯಾಖ್ಯಾನದ ಭಾಷೆ ಇಂಗ್ಲಿಷು, ಆಳುವವರ ಭಾಷೆ ಉರ್ದು, ಊರಿನ ಭಾಷೆ ಕನ್ನಡ. ಈ ನಾಲ್ಕರಲ್ಲಿ ಮೊದಲ ಮೂರು ಒಂದನ್ನೊಂದು ಸಂಧಿಸಿದವು; ನಾಲ್ಕನೆಯದು ಹೊರಗೆ ನಿಂತಿತು. ೧೯೩೧ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಲೇಖಗಳು ದೊರೆತು, ಮರುವರ್ಷ ಅದೇ ಮಾಲೆಯಲ್ಲಿ ಪ್ರಕಟವಾದಾಗಲೂ ಈ ಏರ್ಪಾಡು ಬದಲಾಗಲಿಲ್ಲ.

ಇದು ವಿಪರ್ಯಾಸವೆಂದು ತೋರುವುದು ಶಿಲೆಯ ಒಳಗನ್ನು ಓದಿದಾಗ. ಧರ್ಮದಲ್ಲಿ ನಿರತನಾದ ಅಲ್ಪನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವನು ಮಾತ್ರ ಪಡೆದಾನೆಂದು ತಿಳಿಯಬಾರದು, ಇಬ್ಬರಿಗೂ ಇದನ್ನು ಹೇಳಬೇಕು ಎಂಬುದು ಲೇಖದ ತಾತ್ಪರ್ಯ. ಇಲ್ಲಿ ಮೂರು ಪದಗಳು ಗಮನಾರ್ಹವಾಗಿವೆ. ‘ಖುದಕ’ ಎಂಬುದು ಸಂಸ್ಕೃತದ ಕ್ಷುದ್ರಕ. ‘ಉಡಾಲಕ’ ಎಂಬುದು ಉದಾರಕ. ಪೂರ್ವದೇಶದ ಪ್ರಾಕೃತದಲ್ಲಿ ರೇಫಕ್ಕೆ ಲಕಾರವು ಬರುವುದು ಸಾಮಾನ್ಯ, ಪಾಟಲಿಪುತ್ರದ ಉಚ್ಚಾರಣೆಯೇ ಮಸ್ಕಿಯವರೆಗೂ ನಡೆದುಬಂದಿದೆ. ಮೂರನೆಯದು ‘ವತವಿಯಾ’, ಎಂದರೆ ವಕ್ತವ್ಯಾಃ. ಖುದಕನೂ ಉಡಾಲಕನೂ ‘ಹೇಳಿಸಿಕೊಳ್ಳತಕ್ಕವರು’ ಎಂದು ಶಿಲೆ ವಿಧಿಸುತ್ತಿದೆ. ತವ್ಯಪ್ರತ್ಯಯದಿಂದ ಇದು ಅರ್ಥವಾದವಲ್ಲ, ವಿಧಿಯೇ ಎಂದು ಮೀಮಾಂಸಕರು ಒಪ್ಪಿಯಾರು. ಬರೆದುದು ಓದಿಕೊಳ್ಳಲೆಂದಲ್ಲ, ಹೇಳಲೆಂದು. ಕರ್ನೂಲು ಜಿಲ್ಲೆಯ ಎರ‍್ರಗುಡಿಯ ಪಾಠದಲ್ಲಿ ಈ ವ್ಯವಸ್ಥೆ ಇನ್ನೂ ವಿಶದವಾಗಿದೆ: ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಯಿಸಿ ಜನಪದಕ್ಕೆ ಆಜ್ಞೆಯನ್ನು ತಿಳಿಸಬೇಕು, ಆನೆಯ ಸವಾರರೂ ಲೇಖಕರೂ ಬ್ರಾಹ್ಮಣರೂ ತಮ್ಮ ತಮ್ಮ ಅಂತೇವಾಸಿಗಳಿಗೆ ಅದನ್ನು ಕಲಿಸಬೇಕು. ಸಾರ್ವಜನಿಕರು, ವಿದ್ಯಾರ್ಥಿಗಳು ಎಂಬ ಎರಡು ವರ್ಗಗಳೂ ಅಲ್ಲಿಯೇ ಬಂದಿವೆ. ಅಂದಿನ ಮಸ್ಕಿಯವರ ಮನೆಮಾತು ಪ್ರಾಕೃತವಾಗಿತ್ತೆಂದು ಹೇಳಲು ಆಧಾರವಿಲ್ಲದಿರುವುದರಿಂದ, ಬಂಡೆಯ ಮುಂದೆ ನಿಂತು ಯಾರೋ ಒಬ್ಬನು ಅದನ್ನು ಊರಿನ ನುಡಿಯಲ್ಲಿ ವಿವರಿಸಿರಬೇಕು. ೧೯೧೫ರ ತರುವಾಯ ಕೊರತೆಯಾದುದು ಆ ಒಬ್ಬನದೇ.

ಅವನ ಸ್ಥಾನವನ್ನು ಪಠ್ಯಪುಸ್ತಕಗಳ ಒಂದು ವಾಕ್ಯವು ಆಕ್ರಮಿಸಿತು. ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದೆಂಬುದೇ ಆ ವಾಕ್ಯ. ಅದನ್ನು ಮೊದಲು ಬರೆದಾಗ ನಿಜವಾಗಿಯೇ ಇತ್ತು. ೧೯೫೪ರಲ್ಲಿ ಮಧ್ಯಭಾರತದ ಗುಜರ್ರಾದ ಲೇಖವು ಬೆಳಕಿಗೆ ಬಂದಾಗ ಅದು ಸುಳ್ಳಾಯಿತು. ೧೯೭೦ರ ದಶಕದಲ್ಲಿ ಇನ್ನೂ ಹತ್ತಿರದಲ್ಲಿಯೇ, ಸಿಂಧನೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನಾಮವು ದೊರೆಯಿತು. ಆದರೂ ‘ಏಕೈಕ’ ಶಬ್ದವು ಪ್ರಶ್ನೋತ್ತರ ಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಬಹುಕಾಲ ಉಳಿದುಬಂದಿತು. ಸ್ಥೂಣಾನಿಖನನ ನ್ಯಾಯದಂತೆ ನೆಟ್ಟ ಕಂಬವನ್ನು ಮತ್ತೆ ಮತ್ತೆ ಅಲುಗಿಸಿ ನೋಡುವುದು ಶಾಸ್ತ್ರದ ಧರ್ಮ. ಸಿದ್ಧಾಂತವನ್ನು ಮಾತ್ರ ಕೇಳಿದವನಿಗೆ ಅಲುಗಿಸುವ ಕೈಯೇ ಇರುವುದಿಲ್ಲ. ಮಸ್ಕಿಯ ಮಹತ್ವವು ‘ಮೊದಲು ದೊರೆತುದು’ ಎಂಬುದರಲ್ಲಿದೆಯೇ ಹೊರತು ‘ಒಂದೇ’ ಎಂಬುದರಲ್ಲಿಲ್ಲ. ಪ್ರಿನ್ಸೆಪ್ ಅವರ ಮೊದಲ ಊಹೆಯು ತಪ್ಪಿದುದನ್ನೂ ಟರ್ನರ್ ಅವರು ತಿದ್ದಿದುದನ್ನೂ ಕೇಳಿದ್ದ ವಿದ್ಯಾರ್ಥಿಯಾದರೆ ನಿಟ್ಟೂರಿನ ಸುದ್ದಿ ಬಂದಾಗ ಹಿಗ್ಗುತ್ತಿದ್ದನು. ‘ಏಕೈಕ’ವನ್ನು ಬಾಯಿಪಾಠ ಮಾಡಿದವನಿಗೆ ಅದು ತನ್ನ ಊರಿನ ಆಸ್ತಿಗೆ ಬಂದ ಪಾಲುದಾರನಂತೆ ಕಾಣುತ್ತದೆ.

ಲೇಖದಿಂದ ನೆಲಕ್ಕೆ ಇಳಿದರೆ ಎರಡು ಗ್ರಂಥಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಒಂದು, ಬಿ. ಕೆ. ಥಾಪರ್ ಅವರು ೧೯೫೪ರಲ್ಲಿ ಮಸ್ಕಿಯಲ್ಲಿ ನಡೆಸಿದ ಉತ್ಖನನದ ವರದಿ. ಕೇಂದ್ರ ಪುರಾತತ್ತ್ವ ಇಲಾಖೆಯ ‘ಏನ್ಷಂಟ್ ಇಂಡಿಯಾ’ ಪತ್ರಿಕೆಯ ೧೩ನೆಯ ಸಂಚಿಕೆಯಲ್ಲಿ ೧೯೫೭ರಲ್ಲಿ ಪ್ರಕಟವಾದುದು. ಮತ್ತೊಂದು, ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು ೧೯೫೨ರಲ್ಲಿ ಮಾಡಿದ ಉತ್ಖನನದ ೧೯೬೦ರ ವರದಿ.

ಥಾಪರ್ ಅವರ ವರದಿಯು ಮಾರ್ಟಿಮರ್ ವೀಲರ್ ಅವರ ಪದ್ಧತಿಗೆ ಸೇರಿದುದು. ತಾಮ್ರಶಿಲಾಯುಗ, ಬೃಹಚ್ಛಿಲಾ ಸಮಾಧಿಗಳ ಕಾಲ, ಐತಿಹಾಸಿಕ ಯುಗದ ಆರಂಭ, ಮಧ್ಯಯುಗ ಎಂಬ ನಾಲ್ಕು ಸ್ತರಗಳನ್ನು ಅದು ಒಂದರ ಮೇಲೊಂದಾಗಿ ಬೇರ್ಪಡಿಸಿ ತೋರಿಸುತ್ತದೆ. ಯಾವ ಮಡಕೆ ಯಾವ ಸ್ತರದ್ದೆಂಬುದರಲ್ಲಿ ವೇದದ ಕ್ರಮಪಾಠಿಗೆ ಸ್ವರದಲ್ಲಿರುವಷ್ಟೇ ನಿಷ್ಠೆ. ಆದರೆ ಅದು ಸೂತ್ರ. ವೃತ್ತಿಯಿಲ್ಲದೆ ಸೂತ್ರವು ಬೋಧಿಸದು. ಮಡಕೆಯ ಅಂಚುಗಳ ನೂರಾರು ರೇಖಾಚಿತ್ರಗಳ ನಡುವೆ, ಈ ಜನರು ಏನನ್ನು ಉಂಡರು, ಸತ್ತವರನ್ನು ಹೇಗೆ ಕಂಡರು ಎಂಬ ಉಪಾಧ್ಯಾಯನ ಪ್ರಶ್ನೆಗೆ ಉತ್ತರವನ್ನು ಹೆಕ್ಕಿ ತೆಗೆಯಬೇಕಾಗುತ್ತದೆ. ಇದನ್ನು ಥಾಪರ್ ಅವರ ದೋಷವೆನ್ನುವುದು ನ್ಯಾಯವಲ್ಲ. ಸೂತ್ರಕಾರನೇ ವೃತ್ತಿಕಾರನೂ ಆಗಬೇಕೆಂಬ ನಿಯಮವಿಲ್ಲ. ವೃತ್ತಿಕಾರನು ಹುಟ್ಟದೆ ಹೋದುದು ಸಂಪ್ರದಾಯದ ದೋಷ. ವೀಲರ್ ಅವರೇ ೧೯೪೪ರಲ್ಲಿ ತಕ್ಷಶಿಲೆಯಲ್ಲಿ ವಿದ್ಯಾರ್ಥಿಗಳಿಗಾಗಿ ಉತ್ಖನನಶಾಲೆಯನ್ನು ನಡೆಸಿದವರು. ಆ ಶಾಲೆ ಅಗೆಯುವವರನ್ನು ಸಿದ್ಧಗೊಳಿಸಿತು, ಹೇಳುವವರನ್ನಲ್ಲ.

ವೃತ್ತಿಯಿಲ್ಲದಿರುವುದರ ಅಪಾಯವು ಕಾಲನಿರ್ಣಯದಲ್ಲಿ ಚೆನ್ನಾಗಿ ಕಾಣುತ್ತದೆ. ೧೯೪೭ರಲ್ಲಿ ಬ್ರಹ್ಮಗಿರಿಯನ್ನು ಅಗೆದ ವೀಲರ್ ಅವರು ಅಲ್ಲಿಯ ಕಲ್ಲುಕೊಡಲಿಯ ಜನರನ್ನು ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನಕ್ಕೆ ಸೇರಿಸಿದ್ದರು. ಆಲ್ಚಿನ್ ಅವರು ೧೯೫೭ರಲ್ಲಿ ಮಹಬೂಬನಗರ ಜಿಲ್ಲೆಯ ಉಟ್ನೂರನ್ನು ಅಗೆದ ಮೇಲೆ, ಅಲ್ಲಿಯ ಇದ್ದಲಿನ ಕಾರ್ಬನ್ ಪರೀಕ್ಷೆಯಿಂದ ದಕ್ಷಿಣದ ನೂತನಶಿಲಾಯುಗವು ಕ್ರಿಸ್ತಪೂರ್ವ ೨೦೦೦ಕ್ಕಿಂತ ಹಿಂದಕ್ಕೆ ಸರಿಯಿತು. ಒಂದು ಸಹಸ್ರ ವರ್ಷಗಳ ವ್ಯತ್ಯಾಸ! ವೀಲರ್ ಅವರ ಯುಕ್ತಿಯನ್ನು ತಿಳಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ರೋಮನ್ ಸಂಪರ್ಕದ ಕಾಲವನ್ನು ಖಚಿತವಾಗಿ ಹಿಡಿದು, ಅಲ್ಲಿಂದ ಕೆಳಗಿನ ಸ್ತರಗಳಿಗೆ ಅಂದಾಜಿನಿಂದ ವರ್ಷಗಳನ್ನು ಎಣಿಸಿದ ಯುಕ್ತಿ ಅದು. ಕೆಳಕ್ಕೆ ಹೋದಂತೆಲ್ಲ ಸಡಿಲವಾಗುವುದು ಸಹಜ. ಸಂಖ್ಯೆಯನ್ನು ಮಾತ್ರ ಕಲಿತ ವಿದ್ಯಾರ್ಥಿಗಾದರೋ ಪಂಡಿತರು ಮನಬಂದಂತೆ ಮಾತು ಬದಲಿಸುವರೆಂಬ ಅವಿಶ್ವಾಸವೇ ಉಳಿಯುತ್ತದೆ.

ಆಲ್ಚಿನ್ ಅವರ ಬರವಣಿಗೆಯ ದಾರಿ ಬೇರೆ. ಪಿಕ್ಲಿಹಾಳದ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳಿವೆ, ನೆಲದಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳಿವೆ. ಇವುಗಳನ್ನು ಬಿಟ್ಟುಹೋದ ದನಗಾಹಿಗಳನ್ನು ಅರಿಯುವುದಕ್ಕೆ ಅವರು ಸುತ್ತಲಿನ ದನಗಾಹಿಗಳನ್ನೇ ನೋಡಿದರು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಕಾಣುವ ಬೂದಿಯ ದಿಬ್ಬಗಳ ವಿಷಯದಲ್ಲಿ ಹಿಂದಿನವರು ಅಗ್ನಿಪರ್ವತವೆಂದೂ ಲೋಹ ಕರಗಿಸಿದ ಸ್ಥಳವೆಂದೂ ನಾನಾ ಬಗೆಯಾಗಿ ಊಹಿಸಿದ್ದರು. ಹಂಪೆಯ ಬಳಿ ನಿಂಬಾಪುರದ ದಿಬ್ಬವನ್ನು ಜನರು ವಾಲಿಯನ್ನು ದಹಿಸಿದ ಸ್ಥಳವೆನ್ನುತ್ತಾರೆ. ಉಟ್ನೂರಿನಲ್ಲಿ ಆಲ್ಚಿನ್ ಅವರಿಗೆ ಗೂಟ ನೆಟ್ಟ ದೊಡ್ಡಿಯ ಗುರುತುಗಳೂ ದನದ ಗೊರಸಿನ ಅಚ್ಚುಗಳೂ ದೊರೆತವು. ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಈ ದಿಬ್ಬಗಳಾದವೆಂಬುದು ಅವರ ಸಿದ್ಧಾಂತ. ೧೯೬೩ರಲ್ಲಿ ಕೇಂಬ್ರಿಜಿನಿಂದ ಹೊರಬಂದ, ದಕ್ಷಿಣದ ನೂತನಶಿಲಾಯುಗದ ದನಗಾಹಿಗಳನ್ನು ಕುರಿತ ಗ್ರಂಥದಲ್ಲಿ ಅವರು ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವಂತಹ ಆಚಾರಗಳನ್ನೂ ಹೋಳಿ, ದೀಪಾವಳಿಯ ಬೆಂಕಿಗಳನ್ನೂ ಈ ಸುಡುವಿಕೆಯೊಡನೆ ಹೋಲಿಸಿದರು.

ಇಲ್ಲಿ ಶೋಧಕನು ಸಾರ್ವಜನಿಕರಿಗೆ ತಿಳಿಸುವುದಕ್ಕೆ ಮೊದಲು ಅವರಿಂದ ತಿಳಿದುಕೊಂಡಿದ್ದಾನೆ. ಕಿಚ್ಚು ಹಾಯಿಸುವ ಒಕ್ಕಲಿಗನ ಮಗನು ಈ ಗ್ರಂಥವನ್ನು ಓದಿದರೆ ತನ್ನ ಹಿತ್ತಿಲಿನಿಂದಲೇ ಇತಿಹಾಸದೊಳಕ್ಕೆ ಬಾಗಿಲನ್ನು ಕಾಣುವನು. ನಾಲ್ಕು ಸ್ತರಗಳ ಹೆಸರುಗಳಿಂದ ಅಂತಹ ಬಾಗಿಲು ತೆರೆಯದು. ಹೀಗೆ ಹೊಗಳಿದ ಮೇಲೂ ಒಂದು ಆಕ್ಷೇಪವನ್ನು ಹೇಳದಿರಲಾಗದು. ಇಂದಿನ ಹಬ್ಬಕ್ಕೂ ನಾಲ್ಕು ಸಾವಿರ ವರ್ಷಗಳ ಹಿಂದಿನ ಬೂದಿಗೂ ಇರುವುದು ಸಾದೃಶ್ಯ. ಸಾದೃಶ್ಯದಿಂದ ಅವಿಚ್ಛಿನ್ನ ಪರಂಪರೆಯು ಸಿದ್ಧವಾಗುವುದಿಲ್ಲ. ಗೊರಸಿನ ಅಚ್ಚು ಪ್ರತ್ಯಕ್ಷ, ಸಗಣಿಯ ಬೂದಿಯೆಂಬುದು ಬಲವಾದ ಅನುಮಾನ, ಸಂಕ್ರಾಂತಿಯೆಂಬುದು ಊಹೆ. ಈ ಮೂರನ್ನು ಬೇರೆಬೇರೆಯಾಗಿ ಹೇಳದೆ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವರಿಗೆ ಅತ್ಯಂತ ರುಚಿಕರವಾದ ಊಹೆಯೇ ನೆನಪಿನಲ್ಲಿ ನಿಲ್ಲುತ್ತದೆ. ಜನರಿಗೆ ಹೇಳುವಾಗ ಪ್ರಮಾಣವಿಚಾರವನ್ನು ಬಿಡಬಹುದೆಂಬ ಭಾವನೆ ಹಲವರಲ್ಲಿದೆ. ಅಲ್ಲಿ ಇನ್ನೂ ಹೆಚ್ಚಾಗಿ ಬೇಕು, ಏಕೆಂದರೆ ಪಂಡಿತನಿಗೆ ಪರೀಕ್ಷಿಸಲು ಬೇರೆ ಗ್ರಂಥಗಳಿವೆ, ಅವರಿಗಿಲ್ಲ.

ಕನ್ನಡದಲ್ಲಿ ಈ ಕೆಲಸವು ಅಸಾಧ್ಯವೆನ್ನುವುದಕ್ಕೆ ಅವಕಾಶವಿಲ್ಲ. ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಾಸನಪಾಠಗಳನ್ನು ಕನ್ನಡ ಲಿಪಿಯಲ್ಲಿಯೂ ಮುದ್ರಿಸಿದುದರಿಂದ ಹಳಗನ್ನಡದ ಉಪಾಧ್ಯಾಯರು ಪೀಠಿಕೆಯ ಇಂಗ್ಲಿಷನ್ನು ದಾಟಿ ಮೂಲವನ್ನು ಮುಟ್ಟುವಂತಾಯಿತು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶಾಸನಗಳಲ್ಲಿ ಕಂಡುದನ್ನು ಇಲಾಖೆಯ ವರದಿಗಳಲ್ಲಿಯೇ ಹೂಳದೆ, ೧೯೦೭ರಿಂದ ಮೂರು ಸಂಪುಟಗಳಾಗಿ ಹೊರಬಂದ ‘ಕರ್ಣಾಟಕ ಕವಿಚರಿತೆ’ಯ ಮೂಲಕ ಕನ್ನಡಿಗರ ಕೈಗಿತ್ತರು. ಕವಿಯ ಕಾಲವನ್ನು ಹೇಳುವಾಗ ಆಧಾರವನ್ನೂ ಹೇಳುವ ಅವರ ಕ್ರಮವನ್ನು ಪುರಾತತ್ತ್ವದ ಜನಪ್ರಿಯ ಪುಸ್ತಕಗಳು ಇನ್ನೂ ಕಲಿಯಬೇಕಾಗಿದೆ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ೧೯೧೭ರಲ್ಲಿ, ಮಸ್ಕಿಯ ಲೇಖವು ದೊರೆತ ಎರಡೇ ವರ್ಷಗಳಲ್ಲಿ, ಅಭಿಮಾನವನ್ನು ಎಬ್ಬಿಸಿತು, ಅದರ ಉದ್ದೇಶವೂ ಅದೇ ಆಗಿತ್ತು. ನಿಜಾಮನ ಕನ್ನಡ ಸೀಮೆಗೆ ಮಾತ್ರ ಈ ಭಾಗ್ಯಗಳು ತಡವಾಗಿ ಬಂದವು. ಅಲ್ಲಿಯ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿಯವರು ಸಂಪಾದಿಸಿದ ಸಂಪುಟವು ಹೈದರಾಬಾದು ಮಾಲೆಯಲ್ಲಿ ಪ್ರಕಟವಾದುದು ೧೯೫೮ರಲ್ಲಿ, ಆ ರಾಜ್ಯವೇ ವಿಭಜನೆಯಾಗಿ ಎರಡು ವರ್ಷಗಳಾದ ಮೇಲೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನಸಂಪುಟಗಳು ಈಗ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿವೆ. ಅಕ್ಷರವಿರು ಕಲ್ಲಿಗೆ ಹೀಗೆ ಕನ್ನಡದಲ್ಲಿ ಗತಿಯಾಯಿತು. ಅಕ್ಷರವಿಲ್ಲದ ಮಣ್ಣಿಗೆ ಅಷ್ಟಾಗಿ ಆಗಿಲ್ಲ. ೨೦೧೦ರಿಂದ ಆಂಡ್ರ್ಯೂ ಬಾವರ್, ಪೀಟರ್ ಜೊಹಾನ್ಸೆನ್ ಮೊದಲಾದ ವಿದೇಶೀಯ ವಿದ್ವಾಂಸರು ಮಸ್ಕಿಯ ಸುತ್ತಲಿನ ನೆಲವನ್ನು ಹೆಜ್ಜೆಹೆಜ್ಜೆಯಾಗಿ ಪರಿಶೀಲಿಸಿ ಬರೆದ ಲೇಖನಗಳಿಗೂ ಹೊರದೇಶದ ಇಂಗ್ಲಿಷ್ ಪತ್ರಿಕೆಗಳೇ ಆಶ್ರಯ.

ಪರಿಭಾಷೆಯ ತೊಡಕೆಂಬ ಸಮಾಧಾನವು ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. ನೂತನಶಿಲಾಯುಗ, ಬೃಹಚ್ಛಿಲಾ ಸಮಾಧಿ ಎಂಬ ಸಂಸ್ಕೃತ ಶಬ್ದಗಳು ಶಾಸ್ತ್ರಕ್ಕೆ ಬೇಕು. ಆದರೆ ಬೂದಿಗುಡ್ಡ, ಹಾಳೂರು ಮುಂತಾದ ಮಾತುಗಳು ಊರವರ ಬಾಯಲ್ಲಿ ಸಿದ್ಧವಾಗಿಯೇ ಇವೆ. ಅವುಗಳಿಂದ ಹೊರಟು ಶಾಸ್ತ್ರಶಬ್ದವನ್ನು ತಲುಪುವುದು ಸುಲಭ, ಅಲ್ಲಿಂದ ಇಲ್ಲಿಗೆ ಇಳಿಯುವುದು ಕಷ್ಟ. ದೇಶೀಯ ಶಬ್ದಗಳಲ್ಲಿ ಎಡವುವ ಸ್ಥಳಗಳೂ ಉಂಟು. ಗಂಗಾವತಿಯ ಬಳಿ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಜನರು ಮೋರ್ಯರ ಮನೆಗಳೆನ್ನುತ್ತಾರೆ, ಮೋರ್ಯರು ಕುಳ್ಳಜನರೆಂದು ಕಥೆ ಹೇಳುತ್ತಾರೆ. ಮಸ್ಕಿ, ಕೊಪ್ಪಳಗಳಲ್ಲಿ ಮೌರ್ಯನ ಶಾಸನಗಳಿರುವಾಗ ಮೋರ್ಯನೆಂದರೆ ಮೌರ್ಯನೇ ಎಂದು ಜೋಡಿಸುವ ಆಸೆ ಹುಟ್ಟುವುದು ಸಹಜ. ಧ್ವನಿಸಾಮ್ಯವೊಂದರಿಂದಲೇ ಹಾಗೆ ನಿರ್ಣಯಿಸಲಾಗದೆಂಬುದನ್ನು ಶಿಷ್ಯರಿಗೆ ತೋರಿಸಿಕೊಡುವುದೇ ಒಂದು ಪಾಠ.

ಈ ಕೆಲಸಕ್ಕೆ ಅವಸರವಿರುವುದು ಸಿಂಧನೂರಿನ ಕಡೆಯನ್ನು ನೋಡಿದರೆ ಗೊತ್ತಾಗುತ್ತದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಆ ಸೀಮೆಯ ಎರೆಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ನೆಲವು ಸಮವಾಗಿರಬೇಕು. ಸಮಮಾಡುವ ಯಂತ್ರಕ್ಕೆ ಹಾಳೂರಿನ ದಿಬ್ಬವೂ ಹುತ್ತದ ದಿಬ್ಬವೂ ಒಂದೇ. ಶಾಸನದ ಬಂಡೆಗೆ ಕೇಂದ್ರ ಇಲಾಖೆಯ ರಕ್ಷಣೆಯಿದೆ. ಖಾಸಗಿ ಹೊಲದೊಳಗಿನ ಬೂದಿಗೂ ಮಡಕೆಯ ಚೂರಿಗೂ ಹೊಲದ ಒಡೆಯನೇ ರಕ್ಷಕ. ಮಣ್ಣಿನಲ್ಲಿ ಕಪ್ಪುಕೆಂಪು ಮಡಕೆಯ ಚೂರು ಮೊದಲು ಕಾಣುವುದೂ ಅವನಿಗೇ. ಅದು ಬೃಹಚ್ಛಿಲಾಕಾಲದ್ದಿರಬಹುದೆಂದೂ, ಅದು ಬಿದ್ದಿರುವ ಆಳವೇ ಅದರ ಸಾಕ್ಷ್ಯವೆಂದೂ, ಚೂರನ್ನು ಮನೆಗೆ ತಂದಿಟ್ಟುಕೊಂಡರೆ ಆ ಸಾಕ್ಷ್ಯವು ಉಳಿಯದೆಂದೂ ಅವನು ತಿಳಿದಿರಬೇಕಾದರೆ, ಥಾಪರ್ ಅವರು ಮಸ್ಕಿಯ ಕಂದಕದ ಗೋಡೆಯನ್ನು ಬರೆದು ತೋರಿಸಿದ ಚಿತ್ರವನ್ನು ಯಾರಾದರೊಬ್ಬರು ಅವನ ಮಕ್ಕಳಿಗೆ ಕನ್ನಡದಲ್ಲಿ ಓದಿ ಹೇಳಿರಬೇಕು.